“ಅದು ಜೀನ್‌ನಲ್ಲೇ ಇದೆ” ಅಂದರೆ ಉತ್ತರ ಮುಗಿಯಿತೇ? – ಸೂಜಿ ಎಲೆಗಳ ಬಣ್ಣದ ಸುತ್ತ ಒಂದಿಷ್ಟು ತಕರಾರು



ಒಂದೇ ಜಾತಿಯ ಎರಡು ಮರಗಳು ಅಕ್ಕಪಕ್ಕದಲ್ಲಿವೆ. ಒಂದರ ಎಲೆ ಹಸಿರು, ಇನ್ನೊಂದರದ್ದು ನೀಲಿ ಛಾಯೆ. ಯಾಕೆ? ಹತ್ತನೇ ತರಗತಿಯಲ್ಲಿ ಈ ಪ್ರಶ್ನೆ ಕೇಳಿದರೆ ಸಾಲುಸಾಲು ಕೈಗಳು ಏಳುತ್ತವೆ. ಉತ್ತರವೂ ಒಂದೇ: “ಜೀನ್ ಬೇರೆ ಸಾರ್.” ಸರಿ, ಅದು ಜೀನ್ ಅಂತ ಹೇಗೆ ಗೊತ್ತಾಯಿತು? ನೀರು ಬೇರೆ ಇರಬಹುದಲ್ಲ, ಮಣ್ಣು ಬೇರೆ ಇರಬಹುದಲ್ಲ, ಮರಕ್ಕೆ ರೋಗ ಬಂದಿರಬಹುದಲ್ಲ? ಅಷ್ಟು ಕೇಳುವ ಹೊತ್ತಿಗೆ ಕೈಗಳೆಲ್ಲ ಕೆಳಗಿಳಿದಿರುತ್ತವೆ.

ಇದರಲ್ಲಿ ನಿಮ್ಮ ತಪ್ಪು ಕಡಿಮೆ. ನಮ್ಮ ಪಾಠವೇ ಹಾಗಿದೆ. ಮೆಂಡೆಲ್, ಬಟಾಣಿ, ಉದ್ದ ಗಿಡ, ಗಿಡ್ಡ ಗಿಡ, 3:1. ನಾಲ್ಕು ಚೌಕದ ಚಿತ್ರ ಬರೆದರೆ ಮಾರ್ಕು ಗ್ಯಾರಂಟಿ. ಮೆಂಡೆಲ್ ಆರಿಸಿಕೊಂಡಿದ್ದು ಏಳು ಗುಣಗಳನ್ನು. ಹೌದು ಅಥವಾ ಇಲ್ಲ ಅನ್ನುವ ಹಾಗೆ ಎರಡೇ ರೂಪ ಇರುವ ಗುಣಗಳನ್ನೇ ಹುಡುಕಿ ಆರಿಸಿದ. ಅದು ಅವನ ಜಾಣತನ. ಆದರೆ ಪಾಠ ಅಲ್ಲಿಗೇ ನಿಂತುಬಿಟ್ಟರೆ ‘ಒಂದು ಗುಣಕ್ಕೆ ಒಂದು ಜೀನ್’ ಅನ್ನೋ ನಂಬಿಕೆ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಡುತ್ತದೆ. ಆಮೇಲೆ ಅದು ತರಗತಿಯ ಆಚೆಗೂ ಹೋಗುತ್ತದೆ. “ನಮ್ಮ ಮನೇಲಿ ಯಾರಿಗೂ ಲೆಕ್ಕ ಹತ್ತಲ್ಲ ಸಾರ್, ಜೀನಲ್ಲೇ ಇಲ್ಲ” ಎಂದು ಮಕ್ಕಳು ಸಲೀಸಾಗಿ ಹೇಳುವುದನ್ನು ನೀವೂ ಕೇಳಿರುತ್ತೀರಿ. ಮೊದಲು ಇದೇ ಜಾಗದಲ್ಲಿ ‘ಹಣೆಬರಹ’ ಅನ್ನುವ ಪದ ಇತ್ತು. ಹಣೆಬರಹ ಅಳಿಸಿ ಜೀನ್ ಅಂತ ಬರೆದ ಮಾತ್ರಕ್ಕೆ ಆ ವಾಕ್ಯ ವಿಜ್ಞಾನ ಆಗಿಬಿಡುವುದಿಲ್ಲ.

ನನ್ನ ವಾದ ಇಷ್ಟೇ. ‘ಜೀನ್‌ನಲ್ಲಿದೆ’ ಅನ್ನುವುದು ಉತ್ತರದ ಕೊನೆಯಲ್ಲ, ಪ್ರಶ್ನೆಯ ಶುರು. ಯಾವ ಜೀನು, ಎಷ್ಟು ಜೀನು, ಅದು ಏನು ಕೆಲಸ ಮಾಡುತ್ತದೆ, ಬಿಸಿಲು ಚಳಿ ಬದಲಾದರೆ ಅದರ ಕೆಲಸವೂ ಬದಲಾಗುತ್ತದೆಯೇ, ತಾಯಿಯಿಂದ ಬಂತೋ ತಂದೆಯಿಂದಲೋ – ಇಷ್ಟನ್ನೂ ಕೇಳಬೇಕು. ಇದನ್ನು ತೋರಿಸಲು ಸೂಚಿಪರ್ಣಿ ಮರಗಳಿಗಿಂತ, ಅಂದರೆ ಪೈನ್, ಸ್ಪ್ರೂಸ್‌ನಂಥ ಸೂಜಿ ಎಲೆಯ ಮರಗಳಿಗಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ. ಅಲ್ಲಿ ಕಣ್ಣಿಗೆ ಕಾಣುವುದು ಒಂದೇ: ಎಲೆಯ ಬಣ್ಣ ಬೇರೆ. ಒಳಗೆ ಹೋಗಿ ನೋಡಿದರೆ ಒಂದೊಂದು ಮರದ ಕಥೆ ಒಂದೊಂದು ಥರ.

ಮೊದಲು ಮರದ ಗುರುತು ಸರಿಯಾಗಿ ಆಗಲಿ. ಕಾಸರಗೋಡಿನ ಕಡಲ ತೀರದ ಮಕ್ಕಳು “ನಮ್ಮಲ್ಲೂ ಸೂಜಿ ಎಲೆ ಮರ ಉಂಟು” ಅಂತ ಗಾಳಿಮರ ತೋರಿಸಬಹುದು. ಅದು ಸೂಚಿಪರ್ಣಿ ಅಲ್ಲ, ಹೂ ಬಿಡುವ ಮರ. ಅದರ ‘ಸೂಜಿ’ ಎಲೆಯೇ ಅಲ್ಲ, ಹಸಿರು ಕಡ್ಡಿ. ಗೆಣ್ಣು ಹಿಡಿದು ಮೆಲ್ಲಗೆ ಎಳೆದರೆ ತುಂಡುತುಂಡಾಗಿ ಬಿಚ್ಚಿಕೊಳ್ಳುತ್ತದೆ. ಗೆಣ್ಣಿನ ಸುತ್ತ ಚಿಕ್ಕ ಹಲ್ಲಿನ ಹಾಗೆ ಇರುವುದೇ ನಿಜವಾದ ಎಲೆ. ನೀಲಗಿರಿಯ ಮಕ್ಕಳಿಗೆ ನಿಜವಾದ ಪೈನ್ ಗೊತ್ತು. ಊಟಿ–ಗೂಡಲೂರು ರಸ್ತೆಯ ಪೈನ್ ತೋಪಿಗೆ ಪ್ರವಾಸಿಗರ ಬಸ್ಸುಗಳು ಸಾಲಾಗಿ ನಿಲ್ಲುತ್ತವೆ. ಆದರೆ ಆ ಪೈನ್ ಮೆಕ್ಸಿಕೋ ಮೂಲದ್ದು, ಇಲ್ಲಿ ತಂದು ನೆಟ್ಟದ್ದು. ದಕ್ಷಿಣ ಭಾರತದ ಕಾಡಿನದೇ ಆದ ಸೂಚಿಪರ್ಣಿ ಒಂದೇ ಒಂದು, ಪಶ್ಚಿಮ ಘಟ್ಟದ ನಗೇಯಾ ವಾಲಿಚಿಯಾನಾ. ತಮಾಷೆ ಏನೆಂದರೆ ಅದರ ಎಲೆ ಸೂಜಿಯ ಹಾಗಿಲ್ಲ, ಅಗಲವಾಗಿದೆ! ಆದ್ದರಿಂದ ಇಲ್ಲಿ ಹೇಳುವ ಕಥೆಗಳಿಗೆ ಅಮೆರಿಕ, ಕೆನಡಾ, ಜಪಾನಿಗೆ ಹೋಗಲೇಬೇಕು.

ಅಮೆರಿಕದ ರಾಕಿ ಪರ್ವತಗಳಲ್ಲಿ ನೀಲಿ ಸ್ಪ್ರೂಸ್ ಅನ್ನುವ ಮರ ಇದೆ. ಕೊಲರಾಡೋ ರಾಜ್ಯದ ರಾಜ್ಯವೃಕ್ಷ ಅದು. ಕಾಡಿನಲ್ಲಿ ನೋಡಿದರೆ ಎಲ್ಲ ಮರವೂ ನೀಲಿಯಲ್ಲ. ಕೆಲವು ಅಪ್ಪಟ ಹಸಿರು, ಕೆಲವು ಬೂದುಹಸಿರು, ಕೆಲವು ಬೆಳ್ಳಿಯ ಹಾಗೆ ಹೊಳೆಯುವ ನೀಲಿ. ಹಾಗಾದರೆ ನೀಲಿ ಬಣ್ಣ ತಯಾರಿಸುವ ಜೀನು ಕೆಲವು ಮರದಲ್ಲಿ ಇದೆ, ಕೆಲವರಲ್ಲಿ ಇಲ್ಲ, ಅಲ್ಲವೇ? ಅಲ್ಲ. ಆ ಎಲೆಯಲ್ಲಿ ನೀಲಿ ಬಣ್ಣವೇ ಇಲ್ಲ! ಎರಡು ಬೆರಳ ನಡುವೆ ಹಿಡಿದು ಉಜ್ಜಿದರೆ ನೀಲಿ ಹೋಗಿ ಹಸಿರು ಹೊರಬರುತ್ತದೆ.

ನಮ್ಮ ಬೂದುಗುಂಬಳಕಾಯಿಯನ್ನು ನೆನಪಿಸಿಕೊಳ್ಳಿ. ಮೇಲಿನ ಬೂದಿ ಒರೆಸಿದರೆ ಕೆಳಗೆ ಹಸಿರು ಸಿಪ್ಪೆ. ಜತ್ತ ಕಡೆಯ ಮಕ್ಕಳು ದ್ರಾಕ್ಷಿ ತೋಟದಲ್ಲಿ ಹಣ್ಣಿನ ಮೇಲೆ ಇದೇ ಪುಡಿ ನೋಡಿರುತ್ತಾರೆ. ಅದು ಧೂಳಲ್ಲ, ಔಷಧಿಯೂ ಅಲ್ಲ, ಗಿಡವೇ ಸುರಿಸಿಕೊಂಡ ಮೇಣ. ಸ್ಪ್ರೂಸ್ ಎಲೆಯ ಮೇಣದಲ್ಲಿ ಮುಖ್ಯವಾದದ್ದು 29 ಕಾರ್ಬನ್ ಪರಮಾಣುಗಳ ಉದ್ದ ಸರಪಳಿಯ ಒಂದು ಆಲ್ಕೋಹಾಲ್. ಈ ಅಣುಗಳು ಎಲೆಯ ಮೇಲೆ ಸೇರಿಕೊಂಡು ಕಣ್ಣಿಗೆ ಕಾಣದಷ್ಟು ಸಣ್ಣ ನಳಿಗೆಗಳಾಗಿ ನಿಲ್ಲುತ್ತವೆ. ಬೆಳಕು ಬಿದ್ದಾಗ ಆ ನಳಿಗೆಗಳು ನೀಲಿ ಮತ್ತು ಅತಿನೇರಳೆ ಕಿರಣಗಳನ್ನು ಹೆಚ್ಚು ಚದುರಿಸುತ್ತವೆ. ಕೆಳಗಿನ ಹಸಿರಿನ ಮೇಲೆ ಈ ಚದುರಿದ ಬೆಳಕು ಸೇರಿ ನಮಗೆ ನೀಲಿಯಾಗಿ ಕಾಣುತ್ತದೆ. ಅಂದರೆ ಇಲ್ಲಿ ಜೀನುಗಳ ಕೆಲಸ ಬಣ್ಣ ತಯಾರಿಸುವುದಲ್ಲ, ಮೇಣ ತಯಾರಿಸುವುದು. ಎಷ್ಟು ಮೇಣ, ಎಂಥ ಮೇಣ ಅನ್ನುವುದರ ಮೇಲೆ ನೀಲಿಯ ಪ್ರಮಾಣ ನಿಂತಿದೆ. ಕೀಟ ಓಡಿಸಲು ತೋಟಗಾರರು ಎಣ್ಣೆಯ ದ್ರಾವಣ ಸಿಂಪಡಿಸಿದರೆ ನೀಲಿ ಸ್ಪ್ರೂಸ್ ಹಸಿರಾಗಿಬಿಡುತ್ತದೆ. ಜೀನ್ ಒಂದಿಷ್ಟೂ ಬದಲಾಗಿಲ್ಲ, ಬಣ್ಣ ಮಾತ್ರ ಹೋಯಿತು!

ಹಾಗಾದರೆ ನೀಲಿಗೂ ಜೀನಿಗೂ ನಿಜವಾಗಿ ಸಂಬಂಧ ಇದೆ ಅಂತ ಹೇಗೆ ಗೊತ್ತು? ಇಲ್ಲಿ ನೀವು ಕಲಿಯಬೇಕಾದ್ದು ಉತ್ತರಕ್ಕಿಂತ ವಿಧಾನ. ಬೇರೆ ಬೇರೆ ಕಾಡುಗಳಿಂದ ಬೀಜ ತಂದು ಒಂದೇ ಮಣ್ಣಿನಲ್ಲಿ, ಒಂದೇ ನೀರಿನಲ್ಲಿ ಬೆಳೆಸುತ್ತಾರೆ. ಆಗಲೂ ವ್ಯತ್ಯಾಸ ಉಳಿದರೆ ಮಣ್ಣಿನ ಮೇಲೆ ಹೊರೆ ಹಾಕುವಂತಿಲ್ಲ. ನೀಲಿ ಸ್ಪ್ರೂಸಿನಲ್ಲಿ ವ್ಯತ್ಯಾಸ ಉಳಿಯಿತು. ಆದರೆ ಸಸಿಗಳು ‘ನೀಲಿ’, ‘ಹಸಿರು’ ಅಂತ ಎರಡು ಗುಂಪಾಗಿ ನಿಲ್ಲಲಿಲ್ಲ; ಹಸಿರಿನಿಂದ ಬೆಳ್ಳಿನೀಲಿಯವರೆಗೆ ಮೆಟ್ಟಿಲು ಮೆಟ್ಟಿಲಾಗಿ ಹಂಚಿಕೊಂಡವು. ಎಷ್ಟೇ ಚಂದದ ನೀಲಿ ಮರದ ಬೀಜ ತಂದರೂ ಮರಿಗಳೆಲ್ಲ ಅಷ್ಟೇ ನೀಲಿ ಬರುವುದಿಲ್ಲ. ಹಾಗಾಗಿಯೇ ನರ್ಸರಿಯವರು ‘ಹೂಪ್ಸಿ’, ‘ಕೋಸ್ಟರ್’ ಮೊದಲಾದ ಹೆಸರಿನ ಅತಿ ನೀಲಿ ತಳಿಗಳನ್ನು ಕಸಿ ಕಟ್ಟಿಯೇ ಬೆಳೆಸುತ್ತಾರೆ, ನಾವು ಮಾವಿಗೆ ಕಟ್ಟುವ ಹಾಗೆ. ಒಂದೇ ಜೀನಿನ ಆಟವಾಗಿದ್ದರೆ ಮೆಂಡೆಲ್‌ನ ಚೌಕದಲ್ಲಿ ಇದು ಅಡಗುತ್ತಿತ್ತು. ಇದು ಹಲವು ಜೀನುಗಳು ಸೇರಿ ತಿರುಗಿಸುವ ಗುಣ.

ಈಗ ಕೆನಡಾ. ಪಶ್ಚಿಮ ತೀರದ ಹೈಡಾ ಗ್ವಾಯಿ ದ್ವೀಪಗಳಲ್ಲಿ ಯಕೂನ್ ಎಂಬ ನದಿ. ಅದರ ದಡದಲ್ಲಿ ಒಂದು ಸಿಟ್ಕಾ ಸ್ಪ್ರೂಸ್ ಮರ ಇತ್ತು. ಸುತ್ತಲಿನ ಸಾವಿರಾರು ಮರಗಳು ಕಡು ಹಸಿರು. ಇದೊಂದು ಮಾತ್ರ ಬಂಗಾರದ ಬಣ್ಣ. ಸುಮಾರು 300 ವರ್ಷ ವಯಸ್ಸು, 50 ಮೀಟರ್ ಎತ್ತರ. ಆ ದ್ವೀಪದ ಮೂಲನಿವಾಸಿ ಹೈಡಾ ಜನ ಅದನ್ನು ಕೀಡ್‌ಕ್ಯಾಸ್ ಎಂದು ಕರೆದು ಗೌರವಿಸುತ್ತಿದ್ದರು. ಹುಡುಗನೊಬ್ಬ ಮರವಾದ ಕಥೆ ಅವರಲ್ಲಿದೆ. ಈ ಮರದ ವಿಶೇಷ ಏನೆಂದರೆ ನೆರಳಿನಲ್ಲಿದ್ದ ಎಲೆಗಳು ಹಸಿರಾಗಿಯೇ ಇದ್ದವು. ಬಿಸಿಲು ನೇರವಾಗಿ ಬಿದ್ದ ಎಲೆಗಳಲ್ಲಿ ಮಾತ್ರ ಪತ್ರಹರಿತ್ತು, ಅಂದರೆ ಕ್ಲೋರೋಫಿಲ್, ಕೆಟ್ಟುಹೋಗಿ ಹಳದಿ ವರ್ಣದ್ರವ್ಯಗಳು ಎದ್ದು ಕಾಣುತ್ತಿದ್ದವು. ಸಾಮಾನ್ಯ ಮರಕ್ಕೆ ಬಿಸಿಲು ಊಟ. ಈ ಮರಕ್ಕೆ ಬಿಸಿಲೇ ಪೆಟ್ಟು. ಆದರೂ 300 ವರ್ಷ ಬದುಕಿತು, ಅಕ್ಕಪಕ್ಕದವರ ಸಮಕ್ಕೆ ಬೆಳೆಯಿತು.

ಇದನ್ನು ಏನೆಂದು ಕರೆಯುತ್ತೀರಿ? ಜೀನ್ ಕಾರಣವೋ ಬಿಸಿಲು ಕಾರಣವೋ? ನೆರಳಲ್ಲಿಟ್ಟರೆ ಜೀನಿನ ಬದಲಾವಣೆ ಕಾಣುವುದೇ ಇಲ್ಲ. ಸಾಮಾನ್ಯ ಮರವನ್ನು ಬಿಸಿಲಲ್ಲಿಟ್ಟರೆ ಅದು ಬಂಗಾರ ಆಗುವುದಿಲ್ಲ. ಎರಡೂ ಕೂಡಿದಾಗ ಮಾತ್ರ ಆ ಬಣ್ಣ. ‘ಶೇಕಡಾ ಎಷ್ಟು ಜೀನು, ಎಷ್ಟು ಬಿಸಿಲು’ ಅಂತ ಈ ಒಂದು ಮರದ ಬಗ್ಗೆ ಕೇಳಿದರೆ ಆ ಪ್ರಶ್ನೆಗೇ ಅರ್ಥ ಇಲ್ಲ. ಚಪ್ಪಾಳೆಯ ಸದ್ದಿನಲ್ಲಿ ಎಡಗೈ ಪಾಲು ಎಷ್ಟು ಅಂತ ಕೇಳಿದ ಹಾಗೆ.

1997ರ ಜನವರಿಯಲ್ಲಿ ಗ್ರಾಂಟ್ ಹ್ಯಾಡ್ವಿನ್ ಎಂಬಾತ, ಮರ ಕಡಿಯುವ ಕಂಪನಿಗಳ ವಿರುದ್ಧ ಪ್ರತಿಭಟನೆ ಎಂದು ಹೇಳಿ, ರಾತ್ರಿ ಹೋಗಿ ಇದೇ ಮರದ ಬುಡ ಕೊಯ್ದ. ಎರಡು ದಿನದಲ್ಲಿ ಮರ ಉರುಳಿತು. ಕಾಡು ಉಳಿಸಬೇಕು ಎಂದವನು ಕಡಿದದ್ದು ಕಾಡಿನ ಅಪರೂಪದ ಮರವನ್ನು! ಮೊಕದ್ದಮೆಗೆ ಹಾಜರಾಗುವ ಮೊದಲೇ ಅವನು ಕಾಣೆಯಾದ. ಆದರೆ ಮರದ ಕಡ್ಡಿಗಳನ್ನು ಹಿಂದೆಯೇ ತೆಗೆದುಕೊಂಡು ಹೋಗಿ ವ್ಯಾಂಕೋವರಿನ ವಿಶ್ವವಿದ್ಯಾಲಯದ ಸಸ್ಯೋದ್ಯಾನದಲ್ಲಿ ಕಸಿ ಕಟ್ಟಿದ್ದರು. ಆ ಕಸಿ ಗಿಡಗಳೂ ಬಂಗಾರದ ಬಣ್ಣ ತಾಳಿದವು. ನದಿ ದಂಡೆಯ ಮಣ್ಣಿನಿಂದ ದೂರ, ಬೇರೆಯದೇ ಬೇರಿನ ಮೇಲೆ ಕೂತರೂ ಅದೇ ಬಣ್ಣ. ಬದಲಾವಣೆ ಮಣ್ಣಿನಲ್ಲಿಲ್ಲ, ಆ ಮರದ ಜೀವಕೋಶಗಳಲ್ಲೇ ಇದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ?

ಕ್ಯಾಲಿಫೋರ್ನಿಯಾದ ಬಿಳಿ ರೆಡ್‌ವುಡ್ ಬಗ್ಗೆ ಎರಡೇ ಮಾತು. ಪತ್ರಹರಿತ್ತು ಇಲ್ಲವೇ ಇಲ್ಲದ, ಕಾಗದದಷ್ಟು ಬಿಳಿ ಎಲೆಯ ಗಿಡ ಅದು. ಸ್ವಂತ ಅಡುಗೆ ಮಾಡಿಕೊಳ್ಳಲಾರದು. ತಾಯಿ ಮರದ ಬೇರಿನಿಂದಲೇ ಚಿಗುರಿ, ಅದರ ಆಹಾರದಲ್ಲೇ ಬದುಕುತ್ತದೆ. ಕೂಡುಕುಟುಂಬ ಅಂದರೆ ಇದೇ.

ನನಗೆ ಎಲ್ಲಕ್ಕಿಂತ ಇಷ್ಟವಾದ ಕಥೆ ಜಪಾನಿನದು. ಅಲ್ಲಿ ಸುಗಿ ಅಂತ ಒಂದು ಮರ. ಮನೆ ಕಟ್ಟಲು, ತೊಲೆಗೆ, ಹಲಗೆಗೆ ಅವರು ಬೆಟ್ಟಬೆಟ್ಟಗಳಲ್ಲಿ ನೆಟ್ಟಿರುವುದು ಇದನ್ನೇ. ಬ್ರಿಟಿಷರ ಕಾಲದಲ್ಲಿ ನಮ್ಮ ದಾರ್ಜಿಲಿಂಗಿಗೂ ಬಂದಿದೆ, ಅಲ್ಲಿ ‘ಧೂಪಿ’ ಅನ್ನುತ್ತಾರೆ. ಸುಗಿಯ ಎಲೆ ಬೇಸಿಗೆಯಲ್ಲಿ ಹಸಿರು. ಚಳಿಗಾಲದಲ್ಲಿ ಬಿಸಿಲು ಬೀಳುವ ಕಡೆ ಮಾತ್ರ ಕೆಂಪು ಮಿಶ್ರಿತ ಕಂದು ಬಣ್ಣಕ್ಕೆ ತಿರುಗುತ್ತದೆ. ನೋಡಿದವರು ಮರ ಒಣಗಿತು ಅಂದುಕೊಳ್ಳಬೇಕು, ಹಾಗೆ. ವಸಂತ ಬಂದರೆ ಮತ್ತೆ ಹಸಿರು. ಈ ಕೆಂಪಿಗೆ ಕಾರಣ ರೋಡೋಕ್ಸಾಂಥಿನ್ ಎಂಬ ವರ್ಣದ್ರವ್ಯ, ಕ್ಯಾರೆಟ್ಟಿನ ಬಣ್ಣದ ಸಂಬಂಧಿ. ಚಳಿಯಲ್ಲಿ ದ್ಯುತಿಸಂಶ್ಲೇಷಣೆಯ ವೇಗ ತಗ್ಗುತ್ತದೆ, ಬೆಳಕು ಮಾತ್ರ ಬೀಳುತ್ತಲೇ ಇರುತ್ತದೆ. ಬಳಸಲಾಗದ ಬೆಳಕು ಎಲೆಯನ್ನು ಹಾಳುಮಾಡುತ್ತದೆ. ಅದಕ್ಕೆ ಎಲೆ ಒಂದು ಕೆಂಪು ಪರದೆ ಎಳೆದುಕೊಳ್ಳುತ್ತದೆ. ನಮ್ಮ ಮಾವಿನ ಚಿಗುರೂ ಕೆಂಪಾಗಿರುತ್ತದಲ್ಲ, ಅಲ್ಲಿ ವರ್ಣದ್ರವ್ಯ ಬೇರೆ, ಆಂಥೋಸಯನಿನ್; ಆದರೂ ಎಳೆಯ ಎಲೆಗೆ ಬಿಸಿಲಿನಿಂದ ಮರೆ ಕೊಡುವುದು ಅದರ ಒಂದು ಕೆಲಸ.

ಸುಗಿಯಲ್ಲೇ ‘ಮಿಡೋರಿ ಸುಗಿ’ ಅಂತ ಒಂದು ರೂಪ. ಮಿಡೋರಿ ಅಂದರೆ ಜಪಾನಿ ಭಾಷೆಯಲ್ಲಿ ಹಸಿರು. ಇದು ಚಳಿಗಾಲದಲ್ಲೂ ಹಸಿರಾಗೇ ಉಳಿಯುತ್ತದೆ, ಕೆಂಪು ಪರದೆ ಎಳೆಯುವುದಿಲ್ಲ. ಇದಕ್ಕೆ ಕಾರಣ ಒಂದೇ ದುರ್ಬಲ ಜೀನು. ಎರಡು ಪ್ರತಿಯೂ ಅದೇ ಇದ್ದರೆ ಮಾತ್ರ ಗುಣ ಕಾಣುತ್ತದೆ. ಅಬ್ಬಾ, ಕೊನೆಗೂ ಮೆಂಡೆಲ್ ಸಿಕ್ಕ! ಹೌದು, ಮೆಂಡೆಲ್ ಹೇಳಿದ್ದು ಸುಳ್ಳು ಅಂತ ನಾನೆಲ್ಲೂ ಹೇಳುತ್ತಿಲ್ಲ. ಒಂದೇ ಜೀನಿನ ಗುಣಗಳು ಇವೆ, ಅವನ್ನು ಪರೀಕ್ಷಿಸಿ ಹಾಗೆಂದು ಹೇಳಬೇಕು ಅಷ್ಟೇ. ಬೇಸಿಗೆಯಲ್ಲಿ ಎರಡು ಬಗೆಯ ಸುಗಿಯನ್ನು ಅಕ್ಕಪಕ್ಕ ನಿಲ್ಲಿಸಿದರೆ ಈ ವ್ಯತ್ಯಾಸ ಕಾಣುವುದಿಲ್ಲ ಅನ್ನುವುದನ್ನೂ ಗಮನಿಸಿ.

ಸುಗಿಯ ಇನ್ನೊಂದು ರೂಪ ‘ವೋಗೋನ್ ಸುಗಿ’, ಅಂದರೆ ಬಂಗಾರದ ಸುಗಿ. ಇದರ ಚಿಗುರು ಹಳದಿ. ಜಪಾನಿನ ಓಬಾ ಮತ್ತು ಜೊತೆಗಾರರು ಇದನ್ನು ಹಸಿರು ಸುಗಿಯ ಜೊತೆ ಎರಡೂ ದಿಕ್ಕಿನಲ್ಲಿ ಸಂಕರ ಮಾಡಿದರು. ಒಂದು ಸಲ ಹಳದಿ ಮರದ ಪರಾಗ, ಹಸಿರು ಮರದ ಅಂಡಕ. ಇನ್ನೊಂದು ಸಲ ಅದಲು ಬದಲು. ಮೆಂಡೆಲ್‌ನ ಲೆಕ್ಕದಲ್ಲಿ ತಾಯಿ ಯಾರು, ತಂದೆ ಯಾರು ಅನ್ನುವುದು ಮುಖ್ಯವಲ್ಲ; ಎರಡೂ ಕಡೆ ಒಂದೇ ಫಲಿತಾಂಶ ಬರಬೇಕು. ಇಲ್ಲಿ ಬರಲಿಲ್ಲ! ಹಳದಿ ಮರ ಪರಾಗ ಕೊಟ್ಟಾಗ ಮರಿಗಳಲ್ಲಿ ಬಹುಪಾಲು ಹಳದಿ ಗುಣ ಪಡೆದವು. ಅದೇ ಹಳದಿ ಮರ ತಾಯಿಯಾದಾಗ ಬಹುಪಾಲು ಮರಿಗಳು ಹಸಿರು. ಗುಣ ಹರಿದದ್ದು ತಂದೆಯ ಕಡೆಯಿಂದ. 1971ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಕಾರಣ ಕೇಳಿ. ಜೀನುಗಳೆಲ್ಲ ಕೋಶಕೇಂದ್ರದಲ್ಲಿಲ್ಲ. ಹಸಿರು ಕಣಗಳಾದ ಕ್ಲೋರೋಪ್ಲಾಸ್ಟ್‌ಗಳ ಒಳಗೂ ಅವುಗಳದ್ದೇ ಒಂದಿಷ್ಟು ಡಿಎನ್‌ಎ ಇದೆ. ವೋಗೋನ್ ಸುಗಿಯ ಹಳದಿ ಆ ಕಣಗಳ ಕಡೆಯ ದೋಷ. ಹೂ ಬಿಡುವ ಹೆಚ್ಚಿನ ಗಿಡಗಳಲ್ಲಿ ಈ ಕಣಗಳು ಮಗುವಿಗೆ ಬರುವುದು ತಾಯಿಯಿಂದ. ಇದನ್ನು 1909ರಲ್ಲಿ ಮೊದಲು ತೋರಿಸಿದವರಲ್ಲಿ ಒಬ್ಬ ಜರ್ಮನಿಯ ಕಾರ್ಲ್ ಕೊರೆನ್ಸ್. 1900ರಲ್ಲಿ ಮೆಂಡೆಲ್‌ನ ಕೆಲಸವನ್ನು ಮತ್ತೆ ಬೆಳಕಿಗೆ ತಂದವರಲ್ಲೂ ಅವನ ಹೆಸರಿದೆ. ಅವನು ಬಳಸಿದ ಗಿಡ ಯಾವುದು ಗೊತ್ತೇ? ನಮ್ಮ ಹಿತ್ತಲಿನ ಸಂಜೆಮಲ್ಲಿಗೆ! ಅದರಲ್ಲಿ ಹಸಿರು ಬಿಳಿ ಮಚ್ಚೆ ಎಲೆಯ ಒಂದು ಬಗೆ ಇದೆ. ಬಿಳಿ ಕೊಂಬೆಯ ಹೂವಿಗೆ ಯಾವ ಗಿಡದ ಪರಾಗ ಹಾಕಿದರೂ ಬೀಜದಿಂದ ಬಿಳಿ ಸಸಿ. ಹಸಿರು ಕೊಂಬೆಯಿಂದ ಹಸಿರು ಸಸಿ. ತಂದೆಯ ಮಾತು ನಡೆಯುವುದೇ ಇಲ್ಲ. ಪೈನ್, ಸ್ಪ್ರೂಸ್, ಸುಗಿಯಂಥ ಸೂಚಿಪರ್ಣಿಗಳಲ್ಲಿ ಇದು ತಿರುಗುಮುರುಗು: ಹಸಿರು ಕಣಗಳು ಪರಾಗದ ಜೊತೆ ಬರುತ್ತವೆ, ತಂದೆಯಿಂದ. ನಮ್ಮ ಪಠ್ಯಪುಸ್ತಕಗಳಲ್ಲಿ ಈ ಮಾತು ಒಂದು ಸಾಲಾದರೂ ಇರಬೇಕಿತ್ತು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಯಾಕೆಂದರೆ ‘ಅದಲು ಬದಲು ಮಾಡಿ ನೋಡು’ ಎಂಬ ಒಂದೇ ಉಪಾಯದಿಂದ, ಸೂಕ್ಷ್ಮದರ್ಶಕವೂ ಇಲ್ಲದೆ, ಜೀನು ಕೋಶದ ಯಾವ ಮೂಲೆಯಲ್ಲಿ ಕೂತಿದೆ ಅಂತ ಪತ್ತೆ ಹಚ್ಚಬಹುದು. ಇಂಥ ಸರಳ ಪತ್ತೇದಾರಿ ಕೆಲಸ ಬಿಟ್ಟು ನಾವು ಚೌಕ ತುಂಬಿಸುವುದನ್ನೇ ಕಲಿಸುತ್ತೇವೆ.

ನೀವು ಕೇಳಬಹುದು, ಮರ ಕಾಯಿ ಬಿಡಲು ಹತ್ತಿಪ್ಪತ್ತು ವರ್ಷ ಬೇಕು, ಮೆಂಡೆಲ್‌ನ ಹಾಗೆ ತಲೆಮಾರಿನ ಮೇಲೆ ತಲೆಮಾರು ಬೆಳೆಸುವುದು ಹೇಗೆ? ಕಷ್ಟವೇ. ಆದರೆ ಸೂಚಿಪರ್ಣಿಗಳೇ ಒಂದು ಅನುಕೂಲ ಮಾಡಿಕೊಟ್ಟಿವೆ. ದೊಡ್ಡ ಅಂಗಡಿಗಳಲ್ಲಿ ಗೋಡಂಬಿ, ದ್ರಾಕ್ಷಿಯ ಪಕ್ಕ ಚಿಲ್ಗೋಜಾ ಅಂತ ಉದ್ದನೆಯ ದುಬಾರಿ ಬೀಜ ಇಟ್ಟಿರುತ್ತಾರಲ್ಲ, ಅದು ಹಿಮಾಚಲದ ಕಿನ್ನೌರ್ ಕಡೆಯ ಒಂದು ಪೈನ್ ಮರದ ಬೀಜ. ಸಿಪ್ಪೆ ಸುಲಿದು ನಾವು ತಿನ್ನುವ ಬಿಳಿ ಭಾಗದಲ್ಲಿ ಹೆಚ್ಚಿನದು ಭ್ರೂಣಕ್ಕಾಗಿ ತಾಯಿ ಕಟ್ಟಿಕೊಟ್ಟ ಬುತ್ತಿ. ಆ ಬುತ್ತಿಯ ಜೀವಕೋಶಗಳಲ್ಲಿ ಜೀನುಗಳ ಒಂದೇ ಪ್ರತಿ ಇರುತ್ತದೆ, ಅದೂ ತಾಯಿಯಿಂದ ಮಾತ್ರ. ನಡುವಿನ ಭ್ರೂಣದಲ್ಲಿ ತಾಯಿ ತಂದೆ ಇಬ್ಬರ ಪ್ರತಿ. ಬುತ್ತಿಯನ್ನು ಪರೀಕ್ಷಿಸಿದರೆ ತಾಯಿ ಏನು ಕೊಟ್ಟಳು ಗೊತ್ತಾಯಿತು. ಭ್ರೂಣದಿಂದ ಅದನ್ನು ಕಳೆದರೆ ಉಳಿದದ್ದು ತಂದೆಯದ್ದು. ಮೂರನೇ ತರಗತಿಯ ಕಳೆಯುವ ಲೆಕ್ಕ! ಅವರೆ, ಕಡಲೆಯಲ್ಲಿ ಈ ಅನುಕೂಲ ಇಲ್ಲ.

ಬಣ್ಣವನ್ನೇ ಗುರುತಿನ ಚೀಟಿ ಮಾಡಿಕೊಂಡವರೂ ಇದ್ದಾರೆ. ಜರ್ಮನಿಯ ಲಾಂಗ್ನರ್ 1953ರಲ್ಲಿ ನಾರ್ವೆ ಸ್ಪ್ರೂಸಿನ ಬಂಗಾರದ ರೂಪಗಳಲ್ಲಿ ಮೆಂಡೆಲ್ ಬಗೆಯ ವಿಭಜನೆಯನ್ನು ತೋರಿಸಿ, ಅದರ ಸಹಾಯದಿಂದ ಕಾಡಿನಲ್ಲಿ ಪರಾಗ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಹುಡುಕಲು ಹೊರಟ. ಹಳದಿ ಎಲೆಯ ಮರ ಕಾಡಿನಲ್ಲಿ ಅಪರೂಪ. ಹಾಗಾಗಿ ಅದರ ಗುಣ ಎಲ್ಲಿ ಎದ್ದರೂ ಗುರುತು ಹಿಡಿಯಬಹುದು.

2013ರಲ್ಲಿ ಇದೇ ನಾರ್ವೆ ಸ್ಪ್ರೂಸಿನ ಇಡೀ ಡಿಎನ್‌ಎ ಓದಿದರು. ಸುಮಾರು 2,000 ಕೋಟಿ ಅಕ್ಷರ! ಮನುಷ್ಯನದು ಸುಮಾರು 300 ಕೋಟಿ. ಹಾಗಂತ ಸ್ಪ್ರೂಸಿನಲ್ಲಿ ಜೀನುಗಳು ಆರೇಳು ಪಟ್ಟು ಹೆಚ್ಚಿಲ್ಲ, ಖಚಿತವಾಗಿ ಗುರುತಿಸಿದ್ದು 28,000ದ ಆಸುಪಾಸು. ಉಳಿದದ್ದರಲ್ಲಿ ಬಹುಪಾಲು ಮತ್ತೆ ಮತ್ತೆ ನಕಲಾದ ತುಣುಕುಗಳು.

ಈಗ ಒಂದು ಪದದ ಜಗಳ. ನಾವು ಗಡಿಯಾಚೆಯ ಕನ್ನಡ ಶಾಲೆಯವರು; ನಮಗೆ ಒಂದು ಪದಕ್ಕೆ ನಾಲ್ಕು ಪದ ಕಿವಿಗೆ ಬೀಳುತ್ತವೆ. ಕನ್ನಡ ಪುಸ್ತಕದಲ್ಲಿ ‘ವಂಶವಾಹಿ’. ತಾಳವಾಡಿ, ಹೊಸೂರಿನ ಮಕ್ಕಳಿಗೆ ಪಕ್ಕದ ತಮಿಳು ತರಗತಿಯಿಂದ ‘ಮರಬಣು’ ಕೇಳುತ್ತದೆ, ಪರಂಪರೆಯ ಅಣು ಅಂತ. ಅಕ್ಕಲಕೋಟೆಯ ಮರಾಠಿಯಲ್ಲಿ ‘ಜನುಕ’, ಆದೋನಿ, ಮಡಕಶಿರಾ ಕಡೆಯ ತೆಲುಗಿನಲ್ಲಿ ‘ಜನ್ಯುವು’, ಮಲಯಾಳದಲ್ಲಿ ‘ಜೀನ್’. ಇದನ್ನು ತೊಂದರೆ ಅಂತ ಗೊಣಗುವವರಿದ್ದಾರೆ. ನನಗೆ ಇದು ಲಾಭ. ನಾಲ್ಕು ಪದ ಪಕ್ಕಪಕ್ಕ ಇಟ್ಟಾಗ ಪದದ ಒಳಗಿರುವ ಪಕ್ಷಪಾತ ಕಾಣುತ್ತದೆ. ವಂಶವಾಹಿ, ಮರಬಣು ಎರಡೂ ಹೇಳುವುದು ಹಿಂದಿನವರಿಂದ ಹೊತ್ತು ತರುವ ಮಾತನ್ನೇ. ಜೀನು ಇಂದು, ಈ ಕ್ಷಣ ಕೆಲಸ ಮಾಡುತ್ತಿದೆ ಅನ್ನುವ ಅರ್ಥ ಅವುಗಳಲ್ಲಿ ಇಲ್ಲ. ಸುಗಿಯ ಎಲೆಯಲ್ಲಿ ಚಳಿ ಬಿದ್ದ ಕೂಡಲೇ ಕೆಂಪು ತಯಾರಿಸುವ ಕಾರ್ಖಾನೆ ಶುರುವಾಗುತ್ತದೆ, ಸೆಖೆ ಬಂದಾಗ ನಿಲ್ಲುತ್ತದೆ. ಇದು ಹೊತ್ತು ತಂದು ಇಟ್ಟ ಗಂಟಲ್ಲ, ದಿನದಿನದ ದುಡಿಮೆ. ‘ವಂಶವಾಹಿ’ ಪದ ಬಿಡಿ ಅಂತ ನಾನು ಹೇಳುವುದಿಲ್ಲ, ಪರೀಕ್ಷೆಯಲ್ಲಿ ಅದನ್ನೇ ಬರೆಯಿರಿ. ಬರೆಯುವಾಗ ಅದು ಅರ್ಧ ಮಾತು ಅನ್ನುವುದು ನೆನಪಿರಲಿ.

ಮರಗಳ ವಿಷಯ ಬಿಟ್ಟು ಮನುಷ್ಯರ ಬಗ್ಗೆ ಕೇಳುತ್ತೀರಾದರೆ, ಎತ್ತರವನ್ನೇ ತೆಗೆದುಕೊಳ್ಳಿ. ಬಟಾಣಿಯಲ್ಲಿ ಉದ್ದ–ಗಿಡ್ಡಕ್ಕೆ ಒಂದು ಜೀನು. ಮನುಷ್ಯರಲ್ಲಿ? 2022ರಲ್ಲಿ ಸುಮಾರು 54 ಲಕ್ಷ ಜನರ ಡಿಎನ್‌ಎ ಹೋಲಿಸಿ ನೋಡಿದಾಗ ಎತ್ತರಕ್ಕೆ ಸಂಬಂಧಿಸಿದ ಸುಮಾರು 12,000 ಸಣ್ಣ ವ್ಯತ್ಯಾಸಗಳು ಸಿಕ್ಕವು. ಅದರ ಮೇಲೆ ಊಟ, ಕಾಯಿಲೆ, ಬಾಲ್ಯದ ಆರೈಕೆ ಬೇರೆ. ಗೇಣುದ್ದದ ಅಳತೆಪಟ್ಟಿಯಲ್ಲಿ ಅಳೆಯಬಹುದಾದ ಎತ್ತರದ ಕಥೆಯೇ ಹೀಗಿರುವಾಗ, ಲೆಕ್ಕ ಹತ್ತುವುದು ಬಿಡುವುದಕ್ಕೆ ಒಂದು ಜೀನು ತೋರಿಸುವವರ ಹತ್ತಿರ ನೀವು ಕೇಳಬೇಕಾದ್ದು ಒಂದೇ: ಒಂದೇ ಮಣ್ಣಿನಲ್ಲಿ ಬೆಳೆಸಿ ನೋಡಿದಿರಾ? ನಮ್ಮ ಗಡಿ ಶಾಲೆಗಳಲ್ಲಿ ವರ್ಷದ ಅರ್ಧಕ್ಕೆ ಪಠ್ಯಪುಸ್ತಕ ಬರುವುದು, ಕನ್ನಡ ಬಲ್ಲ ಗಣಿತದ ಮೇಷ್ಟ್ರು ಇಲ್ಲದಿರುವುದು, ಇದೆಲ್ಲ ಮಣ್ಣಿನ ಲೆಕ್ಕಕ್ಕೇ ಬರುತ್ತದೆ.

ಇನ್ನು ಮಾಡಿ ನೋಡುವ ಕೆಲಸ. ಒಂದು ಬಟ್ಟಲಲ್ಲಿ ಹೆಸರುಕಾಳು ನೆನೆಸಿ ಮೊಳಕೆ ಬರಿಸಿ, ಅರ್ಧವನ್ನು ಕಿಟಕಿಯ ಬಳಿ, ಅರ್ಧವನ್ನು ಬೆಳಕು ನುಗ್ಗದ ಡಬ್ಬಿಯಲ್ಲಿ ಒಂದು ವಾರ ಇಡಿ. ಡಬ್ಬಿಯೊಳಗಿನದು ಹಳದಿ ಬಣ್ಣದಲ್ಲಿ ಉದ್ದಕ್ಕೆ ಬೆಳೆದಿರುತ್ತದೆ. ಜೀನು ಒಂದೇ, ಬೆಳಕು ಬೇರೆ. ಹೂ ಬಿಡುವ ಗಿಡಗಳಲ್ಲಿ ಪತ್ರಹರಿತ್ತು ತಯಾರಾಗುವ ಒಂದು ಹಂತಕ್ಕೆ ಬೆಳಕು ಬೇಕೇ ಬೇಕು. ಪೈನ್, ಸ್ಪ್ರೂಸ್ ಸಸಿಗಳ ಹಸಿರು ಕಣಗಳಲ್ಲಿ ಅದೇ ಹಂತವನ್ನು ಕತ್ತಲಲ್ಲೂ ಮುಗಿಸುವ ಇನ್ನೊಂದು ಕಿಣ್ವ ಇದೆ, ಅದನ್ನು ಕಟ್ಟಲು ಮೂರು ಜೀನುಗಳು ಬೇಕು. ಹೂ ಬಿಡುವ ಗಿಡಗಳು ಆ ಮೂರನ್ನೂ ಕಳೆದುಕೊಂಡಿವೆ. ಹಾಗಾಗಿ ಪೈನ್ ಬೀಜ ಕತ್ತಲ ಡಬ್ಬಿಯಲ್ಲಿ ಮೊಳೆತರೂ ಹಸಿರಾಗುತ್ತದೆ. ನೀಲಗಿರಿಯ ಶಾಲೆಗಳವರು ಅರಣ್ಯ ಇಲಾಖೆಯವರನ್ನು ಕೇಳಿ, ಕೆಳಗೆ ಬಿದ್ದ ಮುಚ್ಚಿದ ಪೈನ್ ಕಾಯಿ ನಾಲ್ಕು ತಂದು ಬಿಸಿಲಿಗೆ ಇಡಿ. ಹಲ್ಲೆ ಬಿಚ್ಚಿ ರೆಕ್ಕೆಯ ಬೀಜ ಉದುರುತ್ತದೆ. ಹೆಸರುಕಾಳಿನ ಪಕ್ಕದಲ್ಲೇ, ಅದೇ ಕತ್ತಲ ಡಬ್ಬಿಯಲ್ಲಿ ಬಿತ್ತಿ. ಪೈನ್ ಮೊಳೆಯಲು ಎರಡು ಮೂರು ವಾರ ಬೇಕಾಗಬಹುದು, ನಡುನಡುವೆ ಮುಚ್ಚಳ ತೆಗೆದು ಇಣುಕಬೇಡಿ. ಬಣ್ಣ ಏನಾಯಿತು, ಎಷ್ಟು ಬೀಜದಲ್ಲಿ ಎಷ್ಟು ಮೊಳೆಯಿತು ಅಂತ ಬರೆದು ನಮ್ಮ ಪತ್ರಿಕೆಗೆ ಕಳಿಸಿ. ಹಸಿರಾಗದೇ ಹೋದರೂ ಕಳಿಸಿ.